ಗುಲಾಬಿ ಬಣ್ಣಕ್ಕೆ ತಿರುಗಿದ ಸಿಲಿಕಾ ಜೆಲ್

ಪಿಯುಸಿ ರಿಸಲ್ಟ್ ಬಂದರೆ ಸಾಕು, ನಮ್ಮ ಬೀದಿಯ ಮಕ್ಕಳು ಒಬ್ಬೊಬ್ಬರಾಗಿ ಬರುತ್ತಾರೆ. "ಅಕ್ಕಾ, ಬಿಸಿಎ ತಗೊಳ್ಳಲಾ, ಬಿಎಸ್‌ಸಿ ತಗೊಳ್ಳಲಾ?" ನಾನೇನು ದೊಡ್ಡ ತಜ್ಞೆ ಅಲ್ಲ. ತಿಪಟೂರು ಹತ್ತಿರದ ಒಂದು ತೆಂಗಿನಕಾಯಿ ಪೌಡರ್ ಫ್ಯಾಕ್ಟರಿಯ ಲ್ಯಾಬ್‌ನಲ್ಲಿ ಕೆಮಿಸ್ಟ್, ಅಷ್ಟೇ.

ನಾನು ಕೆಮಿಸ್ಟ್ರಿ, ಬಾಟನಿ, ಮೈಕ್ರೋಬಯಾಲಜಿ ಓದಿದ್ದು ಆಸೆಪಟ್ಟಲ್ಲ. ಸಿಇಟಿ ರ‍್ಯಾಂಕ್ ಕೈಕೊಟ್ಟಿತು, ಊರಲ್ಲೇ ಡಿಗ್ರಿ ಸೀಟು ಸಿಕ್ಕಿತು. ಅದನ್ನು ಓದಿದವರು ಆಮೇಲೆ ಎಲ್ಲಿಗೆ ಹೋಗುತ್ತಾರೆ ಅಂತ ಮೂರು ವರ್ಷ ಯಾರನ್ನೂ ಕೇಳಲಿಲ್ಲ. ಸುತ್ತ ತೋಟ, ಅಟ್ಟದ ತುಂಬ ಕೊಬ್ಬರಿ. ಆದರೂ ತೆಂಗಿನಕಾಯಿಗೆ ಒಂದು ಲ್ಯಾಬ್ ಬೇಕಾಗುತ್ತೆ ಅಂತ ಹೊಳೆದಿರಲಿಲ್ಲ ನೋಡಿ.

ಈ ಕೆಲಸದ ಸುದ್ದಿ ಹೇಳಿದ್ದು ಕಾಲೇಜು ಲ್ಯಾಬ್‌ನ ಅಟೆಂಡರ್ ಅಣ್ಣ. ಅವರ ಭಾಮೈದ ಆ ಫ್ಯಾಕ್ಟರಿಗೆ ಕಾಯಿ ಲೋಡ್ ತರುತ್ತಿದ್ದ. ಅಪ್ಪ ಮಾತ್ರ ಮುಖ ಗಂಟಿಕ್ಕಿದರು, "ವಶೀಲಿ ಕೆಲಸ ಬೇಡಮ್ಮ" ಅಂತ. ವಶೀಲಿ ಎಲ್ಲಿತ್ತು? ಇಂಟರ್‌ವ್ಯೂನಲ್ಲಿ ನನ್ನ ಕೈಗೆ ಬ್ಯೂರೆಟ್, ಅಂದರೆ ಅಳತೆ ಗೆರೆಯ ಗಾಜಿನ ಕೊಳವೆ ಕೊಟ್ಟು, ಬಣ್ಣ ಬದಲಾಗುವವರೆಗೆ ಹನಿ ಹನಿ ಬಿಡುವ ಟೈಟ್ರೇಷನ್ ಮಾಡಿಸಿದರು. ಪೌಡರ್‌ನಿಂದ ತೆಗೆದ ಎಣ್ಣೆಯ ಆಮ್ಲೀಯತೆ ನೋಡುವ ಟೆಸ್ಟ್ ಅದು. ತೆಂಗಿನೆಣ್ಣೆಯ ಮುಖ್ಯ ಆಮ್ಲವಾದ ಲಾರಿಕ್ ಆಸಿಡ್ ಲೆಕ್ಕದಲ್ಲಿ 0.3% ದಾಟಬಾರದು. ಕೊನೆಯಲ್ಲಿ ಬರುವ ತೆಳು ಗುಲಾಬಿ ಬಣ್ಣ ಪಿಯುಸಿಯಿಂದ ನೋಡುತ್ತಾ ಬಂದದ್ದೇ. ಬಾಗಿಲವರೆಗೆ ಕರೆತಂದದ್ದು ಪರಿಚಯ, ಒಳಗೆ ಕೂರಿಸಿದ್ದು ಕೆಮಿಸ್ಟ್ರಿ.

ಸೇರಿದ ಮೂರನೇ ತಿಂಗಳು ಇನ್ನೊಂದು ಗುಲಾಬಿ ಬಣ್ಣ ನನ್ನ ಮಾನ ಕಳೆಯಿತು. ಪೌಡರ್‌ನಲ್ಲಿ ತೇವಾಂಶ 3% ಒಳಗಿರಬೇಕು. ಸ್ಯಾಂಪಲ್ ತೂಗಿ, ಓವನ್‌ನಲ್ಲಿ ಒಣಗಿಸಿ, ಡೆಸಿಕೇಟರ್‌ನಲ್ಲಿ (ತೇವ ಹೀರುವ ಸಿಲಿಕಾ ಜೆಲ್ ಹರಳು ಹಾಕಿದ, ಮುಚ್ಚಳವಿರುವ ಪಾತ್ರೆ) ತಣ್ಣಗಾಗಲು ಬಿಟ್ಟು, ಮತ್ತೆ ತೂಗಬೇಕು. ಕಡಿಮೆಯಾದ ತೂಕವೇ ತೇವಾಂಶ. ನನ್ನ ಲೆಕ್ಕದಲ್ಲಿ ಎರಡೂವರೆ ಬಂತು, ಲೋಡ್ ಹೋಯಿತು. ತಗೊಂಡವರ ಲ್ಯಾಬ್‌ನಲ್ಲಿ ಮೂರು ದಾಟಿ ವಾಪಸ್ ಬಂತು. ಮ್ಯಾನೇಜರ್ ಬೈದರು. ಮತ್ತೆ ಮಾಡಿದೆ, ಮತ್ತೆ ಎರಡೂವರೆಯೇ! ಓವನ್ ಮೇಲೆ, ತಕ್ಕಡಿ ಮೇಲೆ, ಕೊನೆಗೆ ಅವರ ಲ್ಯಾಬ್ ಮೇಲೂ ಅನುಮಾನಪಟ್ಟೆ.

ರಾತ್ರಿ ಎಂಟಕ್ಕೆ ಕಾಲೇಜಿನ ಸೀನಿಯರ್ ಅಕ್ಕನಿಗೆ ಫೋನ್ ಮಾಡಿದೆ. ಅವರು ಬೆಂಗಳೂರಿನಲ್ಲಿ ಒಂದು ಟೆಸ್ಟಿಂಗ್ ಲ್ಯಾಬ್‌ನಲ್ಲಿದ್ದರು. ಎರಡು ವರ್ಷ ಮಾತೇ ಇರಲಿಲ್ಲ, ನಾಚಿಕೆ ಬೇರೆ. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಡೆಸಿಕೇಟರ್ ಒಳಗೆ ಸಿಲಿಕಾ ಜೆಲ್ ಯಾವ ಬಣ್ಣ ಇದೆ ಕಣೇ?"

"ಗುಲಾಬಿ, ಅಕ್ಕ."

ಆ ಕಡೆಯಿಂದ ಜೋರು ನಗು. ಒಣ ಜೆಲ್ ನೀಲಿ. ನೀರು ಹೀರಿ ತುಂಬಿಕೊಂಡರೆ ಗುಲಾಬಿ. ಆಮೇಲೆ ಅದು ಏನನ್ನೂ ಹೀರಲ್ಲ. ನಾನೋ ಬೇರೆ ಕೆಲಸ ನೋಡುತ್ತಾ ಸ್ಯಾಂಪಲ್ಲನ್ನು ಗಂಟೆಗಟ್ಟಲೆ ಅದರಲ್ಲೇ ಬಿಡುತ್ತಿದ್ದೆ. ಒಣಗಿದ ಪೌಡರ್ ಅಲ್ಲೇ ಕೂತು ಮತ್ತೆ ತೇವ ಎಳೆದುಕೊಳ್ಳುತ್ತಿತ್ತು. ತೂಕ ಏರಿತು, ತೇವಾಂಶ ಕಡಿಮೆ ತೋರಿಸಿತು. ಜೆಲ್ಲನ್ನು ಓವನ್‌ಗೆ ಹಾಕಿ ಮತ್ತೆ ನೀಲಿ ಮಾಡಿದೆ. ಮರುದಿನದ ಲೆಕ್ಕ ಅವರ ಲ್ಯಾಬ್ ಲೆಕ್ಕಕ್ಕೆ ಹತ್ತಿರ ಬಂತು.

ನೆಟ್‌ವರ್ಕಿಂಗ್ ಅಂದರೆ ದೊಡ್ಡವರ ಕೈಕುಲುಕಿ ಫೋಟೋ ತೆಗೆಸಿಕೊಳ್ಳೋದು ಅಂದುಕೊಂಡಿದ್ದೆ. ಪೆದ್ದು ಪ್ರಶ್ನೆ ಕೇಳಿದರೂ ಫೋನ್ ಇಡದೆ ಉತ್ತರ ಹೇಳುವವರು ನಾಲ್ಕು ಜನ ಇದ್ದರೆ ನನಗೆ ಅದೇ ಜಾಸ್ತಿ. ಆದರೆ ಕಷ್ಟ ಬಂದಾಗ ಮಾತ್ರ ಫೋನ್ ಮಾಡಿದರೆ ಯಾರಿಗೆ ತಾನೇ ಬೇಜಾರಾಗಲ್ಲ? ಹಬ್ಬಕ್ಕೊಂದು ಮೆಸೇಜ್ ಹಾಕೋದು ನಾನು ಆಮೇಲೆ ಕಲಿತದ್ದು.

ಹಾಗಾಗಿ ಬೀದಿಯ ಮಕ್ಕಳಿಗೆ ಇದು ತಗೊಳ್ಳಿ, ಅದು ತಗೊಳ್ಳಿ ಅಂತ ಹೇಳಲ್ಲ. 2024-25ರಿಂದ ಡಿಗ್ರಿ ಮತ್ತೆ ಮೂರು ವರ್ಷಕ್ಕೆ ಬಂದಿದೆ, ಯೋಚಿಸುತ್ತಾ ಕೂರಲು ಟೈಮೂ ಕಮ್ಮಿ. ಅದೇ ಕೋರ್ಸ್ ಮುಗಿಸಿದ ಮೂವರನ್ನು ಹುಡುಕಿ, ಬೆಳಿಗ್ಗೆಯಿಂದ ಸಂಜೆವರೆಗೆ ಏನು ಕೆಲಸ ಮಾಡ್ತೀರಿ ಅಂತ ಕೇಳಿಕೊಂಡು ಬನ್ನಿ ಅಂತೀನಿ. ಹೋದ ವರ್ಷ ಪಕ್ಕದ ಮನೆ ಹುಡುಗಿ ನಿಜವಾಗಿಯೂ ಕೇಳಿಕೊಂಡು ಬಂದಳು. ಬಿಸಿಎ ಫಾರ್ಮ್ ಹರಿದು ಹಾಕಿ ಮೈಕ್ರೋಬಯಾಲಜಿ ಸೇರಿದಳು. ಅವರಮ್ಮ ಇವತ್ತಿಗೂ ನನ್ನ ಹತ್ತಿರ ಸರಿಯಾಗಿ ಮಾತಾಡಲ್ಲ.

ಮೊನ್ನೆ ಸೀನಿಯರ್ ಅಕ್ಕನೇ ಫೋನ್ ಮಾಡಿದ್ದರು. ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಟೆಸ್ಟ್‌ಗೆ ಕೈ ಸಾಲುತ್ತಿಲ್ಲವಂತೆ. "ರಜೆಯಲ್ಲಿ ಬಂದು ಕಲಿಯೋರು ಯಾರಾದ್ರೂ ಇದ್ದಾರೇನೇ?" ಅಂದರು. ಪಕ್ಕದ ಮನೆ ಬಾಗಿಲು ತಟ್ಟಿದೆ.