ಆಫೀಸು ಮುಗಿಸಿ ಬಂದು ಸಿಗಡಿ ಊಟ ಯಾವಾಗ ಮಾಡ್ತೀರಿ?

ಕಾರವಾರದಲ್ಲಿದ್ದು, ಕೆಲಸಕ್ಕೂ ಹೋಗಿ, ಮೀನಿನ ಅಡುಗೆ ಬಗ್ಗೆಯೂ ಬರೆಯುತ್ತಿದ್ದರೆ ಈ ಪ್ರಶ್ನೆಯಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ. "ಭಾನುವಾರ ಸರಿ, ವಾರದ ನಡುವೆ ಸಿಗಡಿ ಸುಲಿಯುತ್ತಾ ಕೂತರೆ ಊಟ ಎಷ್ಟು ಗಂಟೆಗೆ?" ಕೇಳುವವರಲ್ಲಿ ಅರ್ಧ ಜನ ಬೆಂಗಳೂರು, ಪುಣೆ ಸೇರಿದ ನಮ್ಮ ಕಡೆಯವರೇ. ಸಿಗಡಿ ತಿನ್ನುವ ಆಸೆ ಇದೆ, ಅಮ್ಮನ ಹಾಗೆ ಕಾಯಿ ಅರೆದು ಆಂಬಟ ಮಾಡುವ ಹೊತ್ತಿಲ್ಲ. ಉಳಿದವರು ಇಲ್ಲಿಯವರು, ಮಾರ್ಕೆಟ್ ಪಕ್ಕದಲ್ಲೇ ಇದ್ದೂ ಸಂಜೆ ಏಳರ ಮೇಲೆ ಮೊಟ್ಟೆ ಸಾರಿಗೆ ಶರಣಾದವರು.

ನನ್ನ ಉತ್ತರ ಇಷ್ಟು: ಸಿಗಡಿ ಬೇಯುವುದಕ್ಕೆ ನಾಲ್ಕು ನಿಮಿಷ ಸಾಕು. ನಮ್ಮ ಅಡುಗೆಮನೆಗೆ ಬರುವ ಯಾವ ಮೀನೂ ಇಷ್ಟು ಬೇಗ ಬೇಯುವುದಿಲ್ಲ. ಹೊತ್ತು ಹಿಡಿಯುವುದು ಸುಲಿಯುವುದಕ್ಕೆ, ಮಸಾಲೆ ಅರೆಯುವುದಕ್ಕೆ, ಅನ್ನ ಆಗಲಿ ಎಂದು ಕಾಯುವುದಕ್ಕೆ. ಸುಲಿಯುವುದನ್ನು ಬೇರೆ ದಿನಕ್ಕೆ ತಳ್ಳಿ. ಅರೆಯುವುದನ್ನು ಬಿಟ್ಟೇಬಿಡಿ. ಅನ್ನವನ್ನು ಮೊದಲೇ ಮುಗಿಸಿಕೊಳ್ಳಿ. ಆಮೇಲೆ ಕಾವಲಿಯ ಮೇಲೆ ಸುಟ್ಟ ಸಿಗಡಿಯನ್ನು ಅನ್ನದ ಮೇಲೆ ಹಾಕಿ, ಪಕ್ಕದಲ್ಲಿ ಒಂದಿಷ್ಟು ಹಸಿ ತರಕಾರಿ ಇಟ್ಟು, ಒಂದೇ ಬಟ್ಟಲಲ್ಲಿ ಬಡಿಸಿದರೆ ಊಟ ಆಯಿತು. ಹೋಟೆಲ್‌ನವರು ಇದಕ್ಕೆ ರೈಸ್ ಬೌಲ್ ಅನ್ನುತ್ತಾರೆ. ನಮ್ಮನೆಯಲ್ಲಿ ಸಿಗಡಿ ಬಟ್ಟಲು.

ಭಾನುವಾರದ ಕೆಲಸದಿಂದ ಶುರು ಮಾಡೋಣ. ನಾನು ವಾರದ ಸಿಗಡಿ ಕೊಳ್ಳುವುದು ಅವತ್ತು ಬೆಳಿಗ್ಗೆ. ನಾಲ್ಕು ಜನಕ್ಕೆ ಒಂದು ಹೊತ್ತಿಗೆ ಸುಲಿದದ್ದು ಅರ್ಧ ಕಿಲೋ ಬೇಕು. ತಲೆ, ಸಿಪ್ಪೆ ಹೋದ ಮೇಲೆ ತೂಕ ಹೆಚ್ಚುಕಮ್ಮಿ ಅರ್ಧಕ್ಕೆ ಇಳಿಯುವುದರಿಂದ ಕೊಳ್ಳುವಾಗ ಒಂದು ಕಿಲೋ ಲೆಕ್ಕ ಹಿಡಿಯಿರಿ. ತೀರಾ ದೊಡ್ಡದು ಬೇಡ, ದುಡ್ಡು ದಂಡ. ತೀರಾ ಸಣ್ಣದು ಸುಕ್ಕಕ್ಕೆ ಚೆಂದ, ಕಾವಲಿ ಮೇಲೆ ಒಣಗಿ ಹೋಗುತ್ತದೆ. ಕೈಬೆರಳಿನ ಉದ್ದದ ಬಿಳಿ ಸಿಗಡಿ ಸಿಕ್ಕರೆ ಅದೇ ಸರಿ.

ತಾಜಾ ಹೌದೋ ಅಲ್ಲವೋ ನೋಡಲು ಕಣ್ಣು ಸಾಲದು, ಕೈ ಹಚ್ಚಬೇಕು. ನಾನು ಯಾವಾಗಲೂ ಕೊಳ್ಳುವ ಅಕ್ಕನ ಹತ್ತಿರ "ಇವತ್ತಿಂದೇನಾ ಅಕ್ಕಾ?" ಅಂದರೆ ಆಕೆ ಉತ್ತರ ಕೊಡುವುದಿಲ್ಲ, ಒಂದನ್ನು ಎತ್ತಿ ನನ್ನ ಅಂಗೈಗೆ ಹಾಕುತ್ತಾಳೆ. "ತಲೆ ಎಳೆದು ನೋಡು ತಂಗೀ." ತಲೆ ಮೈಗೆ ಗಟ್ಟಿಯಾಗಿ ಅಂಟಿಕೊಂಡಿದ್ದರೆ, ಸಿಪ್ಪೆ ಮಿಂಚುತ್ತಿದ್ದರೆ, ಸಮುದ್ರದ ವಾಸನೆ ಬಿಟ್ಟು ಬೇರೆ ಘಾಟು ಇಲ್ಲದಿದ್ದರೆ ತಗೊಳ್ಳಿ. ತಲೆ ಜೋತು ಬಿದ್ದು, ಕತ್ತಿನ ಹತ್ತಿರ, ಸಿಪ್ಪೆಯ ಅಂಚಿಗೆ ಕಪ್ಪು ಕಲೆ ಏರಿದ್ದರೆ ಅದು ಸತ್ತು ಹೊತ್ತಾಗಿದೆ ಎಂದು ಅರ್ಥ. ಆ ಕಪ್ಪು ಬಣ್ಣ ವಿಷವೇನಲ್ಲ, ಸಿಗಡಿಯ ಮೈಯೊಳಗಿನ ಕಿಣ್ವ ಗಾಳಿ ತಾಗಿ ಮಾಡುವ ಕೆಲಸ. ಆದರೆ ಅಂಥದ್ದನ್ನು ಸಾರಿಗೆ ಹಾಕಿದರೆ ಹುಳಿ ಖಾರ ಮುಚ್ಚಿಕೊಳ್ಳುತ್ತದೆ, ಕಾವಲಿ ಮೇಲೆ ಮುಚ್ಚಿಕೊಳ್ಳಲು ಏನೂ ಇಲ್ಲ.

ಮನೆಗೆ ತಂದ ಕೂಡಲೇ ತಲೆ ತೆಗೆದು, ಬಾಲದ ತುದಿ ಬಿಟ್ಟು ಸಿಪ್ಪೆ ಸುಲಿದು, ಬೆನ್ನು ಸೀಳಿ ಕಪ್ಪು ನೂಲು ಎಳೆಯಿರಿ. ಅದು ಕರುಳು, ಒಳಗೆ ಮರಳಿರುತ್ತದೆ, ಹಲ್ಲಿಗೆ ಸಿಗುತ್ತದೆ. ಮಾರ್ಕೆಟ್‌ನಲ್ಲೇ ಸುಲಿದು ಕೊಡುವವರಿದ್ದರೆ ಕೇಳಿದಷ್ಟು ಕೊಟ್ಟು ಸುಲಿಸಿಕೊಳ್ಳಿ, ಜಿಪುಣತನ ಬೇಡ. ತೊಳೆದು, ನೀರು ಬಸಿದು, ಅರ್ಧರ್ಧ ಕಿಲೋ ಮಾಡಿ ಜಿಪ್ ಚೀಲದಲ್ಲಿ ರೊಟ್ಟಿಯ ಹಾಗೆ ಚಪ್ಪಟೆಯಾಗಿ ಹರಡಿ ಫ್ರೀಜರ್‌ಗೆ ಹಾಕಿ. ಉಂಡೆ ಕಟ್ಟಿ ಇಟ್ಟರೆ ನಡುವಿನ ಮಂಜು ಕರಗುವುದಕ್ಕೇ ರಾತ್ರಿಯಾಗುತ್ತದೆ. ತಲೆ ಮತ್ತು ಸಿಪ್ಪೆ ಬಿಸಾಡಬೇಡಿ, ಬೇರೆ ಚೀಲದಲ್ಲಿರಲಿ. ಅದನ್ನು ಎಣ್ಣೆಯಲ್ಲಿ ಹುರಿದು ಹದಿನೈದು ನಿಮಿಷ ಕುದಿಸಿ ಸೋಸಿದ ನೀರಿನಲ್ಲಿ ಮುಂದಿನ ಸಾರು ಮಾಡಿ ನೋಡಿ.

ಫ್ರೀಜರ್ ಅಂದ ಕೂಡಲೇ ಕೆಲವರು ಮುಖ ಸಿಂಡರಿಸುತ್ತಾರೆ. ನಮ್ಮತ್ತೆಯೂ ಅದೇ ಪಕ್ಷ. ಆದರೆ ಬೆಳಿಗ್ಗೆ ತಂದು ಆಗಲೇ ಸುಲಿದು ಮಂಜು ಮಾಡಿದ ಸಿಗಡಿ, ದಿನವಿಡೀ ಬುಟ್ಟಿಯಲ್ಲಿ ಕೂತು ಸಂಜೆ ಮನೆಗೆ ಬಂದ 'ತಾಜಾ' ಸಿಗಡಿಗಿಂತ ಎಷ್ಟೋ ವಾಸಿ. ಊರು ಬಿಟ್ಟವರಿಗೆ ಅಂಗಡಿಯ ಪ್ಯಾಕೆಟ್ಟೂ ಆಗುತ್ತದೆ. ಅದರಲ್ಲಿರುವುದು ಹೆಚ್ಚಾಗಿ ಕೆರೆಯಲ್ಲಿ ಸಾಕಿದ ವನ್ನಾಮಿ, ರುಚಿ ಸ್ವಲ್ಪ ಸಪ್ಪೆ. ಅರ್ಧ ಕಿಲೋಗೆ ಕಾಲು ಚಮಚ ಅಡುಗೆ ಸೋಡಾ, ಒಂದಿಷ್ಟು ಉಪ್ಪು ಸವರಿ ಹದಿನೈದು ನಿಮಿಷ ಬಿಟ್ಟು ತೊಳೆದರೆ ಕಚ್ಚಿದಾಗ ಗಟ್ಟಿತನ ಬರುತ್ತದೆ. ಪ್ಯಾಕೆಟ್ ಕೊಳ್ಳುವಾಗ ಒಳಗಿನದು ಬೂದುಬಣ್ಣ ಇದೆಯೇ ನೋಡಿ. ಕೆಂಪಗಿದ್ದರೆ ಆಗಲೇ ಬೇಯಿಸಿದ್ದು, ಅದನ್ನು ಇನ್ನೊಮ್ಮೆ ಕಾವಲಿಗೆ ಹಾಕಿದರೆ ಚಪ್ಪಲಿ.

ಮಾಡುವ ದಿನ ಬೆಳಿಗ್ಗೆ ಚೀಲವನ್ನು ಫ್ರೀಜರ್‌ನಿಂದ ಫ್ರಿಜ್‌ನ ಕೆಳಗಿನ ಖಾನೆಗೆ ಇಳಿಸಿ ಹೋಗಿ. ಮರೆತರೆ, ಬಂದ ಮೇಲೆ ಚೀಲ ಸಮೇತ ತಣ್ಣೀರಿನಲ್ಲಿ ಇಪ್ಪತ್ತು ನಿಮಿಷ ಮುಳುಗಿಸಿಡಿ. ಬಿಸಿನೀರು ಖಂಡಿತ ಬೇಡ, ಹೊರಗೆ ಬೆಂದು ಒಳಗೆ ಮಂಜು ಉಳಿಯುತ್ತದೆ.

ಅನ್ನದ ಬಗ್ಗೆ ಎರಡು ಮಾತು. ಸೋನಾ ಮಸೂರಿಯಾದರೆ ಬಂದ ಮೇಲೆ ಕುಕ್ಕರಿಗೆ ಇಟ್ಟರೂ ಆಗುತ್ತದೆ. ನಮಗೆ ಕುಚ್ಚಲಕ್ಕಿಯೇ ಬೇಕು, ಅದು ಅವಸರಕ್ಕೆ ಬಗ್ಗುವುದಿಲ್ಲ, ಹಾಗಾಗಿ ಬೆಳಿಗ್ಗೆಯೇ ಬೇಯಿಸಿ ಆರಿಸಿ ಫ್ರಿಜ್‌ನಲ್ಲಿಟ್ಟು ರಾತ್ರಿ ನೀರು ಚಿಮುಕಿಸಿ ಬಿಸಿ ಮಾಡುತ್ತೇನೆ. ಕರಾವಳಿಯ ಸೆಖೆಯಲ್ಲಿ ಸಂಜೆಯವರೆಗೆ ಹೊರಗಿಡಬೇಡಿ, ಅನ್ನ ಕೆಡುವುದು ವಾಸನೆ ಬರುವುದಕ್ಕಿಂತ ಮುಂಚೆ.

"ಸಿಗಡಿಗೂ ಅನ್ನಕ್ಕೂ ನಡುವೆ ಸಾರಿಲ್ಲದಿದ್ದರೆ ಎಂಥ ಜೋಡಿ?" ಎಂದು ಕೇಳುವವರನ್ನು ನಾನು ಕುಮಟಾ ಕಡೆಯ ಗಜನಿ ಗದ್ದೆಗಳಿಗೆ ಕಳಿಸುತ್ತೇನೆ. ಅಘನಾಶಿನಿ ಸಮುದ್ರ ಸೇರುವ ಮೊದಲು ಹರಡಿಕೊಳ್ಳುವ ಅಳಿವೆಯಲ್ಲಿ, ಮಾಣಿಕಟ್ಟಾ ಸುತ್ತಮುತ್ತ, ಮಳೆಗಾಲದಲ್ಲಿ ಕಗ್ಗ ಭತ್ತ ಬೆಳೆಯುತ್ತಾರೆ. ಉಪ್ಪುನೀರನ್ನೂ ನೆರೆಯನ್ನೂ ತಡೆದು ಎತ್ತರಕ್ಕೆ ಬೆಳೆಯುವ, ಕೆಂಪು ಅಕ್ಕಿಯ ಭತ್ತ ಅದು. ಕೊಯ್ಲು ಮುಗಿದ ಮೇಲೆ ಅದೇ ಗದ್ದೆಗೆ ಕಟ್ಟೆಯ ಬಾಗಿಲು ತೆಗೆದು ಉಬ್ಬರದ ನೀರು ಬಿಡುತ್ತಾರೆ. ನೀರಿನೊಂದಿಗೆ ಸಿಗಡಿಮರಿ, ಮೀನುಮರಿ ಒಳಗೆ ಬಂದು, ಕೊಳೆಯುವ ಕೂಳೆಯ ಆಸರೆಯಲ್ಲಿ ಬೆಳೆಯುತ್ತವೆ. ಒಂದೇ ಮಣ್ಣಿನಲ್ಲಿ ಮಳೆಗಾಲಕ್ಕೆ ಅನ್ನ, ಬೇಸಿಗೆಗೆ ಸಿಗಡಿ. ಶಿರಸಿಯಲ್ಲಿ ಹುಟ್ಟಿ, ಎಲ್ಲೂ ಅಣೆಕಟ್ಟಿಗೆ ಸಿಕ್ಕದೆ ಹರಿದು ಬರುವ ಹೊಳೆ ಅಘನಾಶಿನಿ. 2024ರಲ್ಲಿ ಅಳಿವೆಗೆ ರಾಮ್ಸಾರ್ ತಾಣ, ಅಂದರೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶ ಎಂಬ ಪಟ್ಟವೂ ಸಿಕ್ಕಿತು. ಕಗ್ಗ ಬೆಳೆಯುವವರು ಕಡಿಮೆಯಾಗುತ್ತಿದ್ದಾರೆ, ಪೂರ್ತಿ ಸಿಗಡಿ ಕೆರೆಯಾದ ಗಜನಿಗಳೂ ಇವೆ. ಅಕ್ಕಿ ಎಲ್ಲಾದರೂ ಕಣ್ಣಿಗೆ ಬಿದ್ದರೆ ಬಿಡಬೇಡಿ.

ಮಸಾಲೆ ಅರೆಯುವುದಿಲ್ಲ ಅಂದೆನಲ್ಲ. ಅರ್ಧ ಕಿಲೋಗೆ ಒಂದೂವರೆ ಚಮಚ ಬ್ಯಾಡಗಿ ಪುಡಿ, ಕಾಲು ಚಮಚ ಅರಿಶಿನ, ಜಜ್ಜಿದ ಐದಾರು ಎಸಳು ಬೆಳ್ಳುಳ್ಳಿ, ಒರಟಾಗಿ ಕುಟ್ಟಿದ ಕಾಳುಮೆಣಸು, ಒಂದು ದೊಡ್ಡ ಚಮಚ ತೆಂಗಿನೆಣ್ಣೆ, ಉಪ್ಪು. ಹತ್ತು ನಿಮಿಷದ ಹಿಂದೆ ಕಲಸಿಟ್ಟರೆ ಸಾಕು. ನಿಂಬೆರಸವನ್ನೋ ಹುಣಸೆಯನ್ನೋ ಈಗ ಸೇರಿಸಬೇಡಿ. ಹುಳಿ ತಾಗಿದರೆ ಬೆಂಕಿ ಕಾಣುವ ಮೊದಲೇ ಸಿಗಡಿಯ ಮೇಲ್ಮೈ ಬೆಳ್ಳಗೆ ಬಿಗಿದುಕೊಳ್ಳುತ್ತದೆ, ಆಮೇಲೆ ಕಾವಲಿಗೆ ಹಾಕಿದರೆ ಎರಡು ಸಲ ಬೆಂದ ಹಾಗೆ. ತೆಪ್ಪಲ (ಮೀನಿನ ಸಾರಿಗೆ ಹಾಕುವ, ನಾಲಿಗೆ ಜುಮ್ಮೆನ್ನಿಸುವ ಕಾಯಿ) ಹಾಕಲೇ ಎಂದು ಕೇಳುತ್ತಾರೆ. ಅದು ಬಂಗಡೆಗೆ, ತಾರಲೆಗೆ ಇರಲಿ.

ಹುಳಿಗೆ ಮುರುಗಲು, ಅಂದರೆ ಕೋಕಂ. ಏಳೆಂಟು ಒಣ ಸಿಪ್ಪೆಯನ್ನು ಅರ್ಧ ಲೋಟ ಬಿಸಿನೀರಲ್ಲಿ ನೆನೆಹಾಕಿ ಕಿವುಚಿ, ಆ ಕಡುಗೆಂಪು ನೀರಿಗೆ ನೆಲ್ಲಿಕಾಯಿ ಗಾತ್ರದ ಬೆಲ್ಲ, ಒಂದು ಹಸಿಮೆಣಸು ಹಾಕಿ ಸಣ್ಣ ಉರಿಯಲ್ಲಿ ಚಮಚಕ್ಕೆ ಅಂಟುವವರೆಗೆ ಬತ್ತಿಸಿ. ಇದನ್ನು ಸಿಗಡಿ ಬೆಂದ ಮೇಲೆ ಸುರಿಯಬೇಕು. ಕಾವಲಿಗೆ ಹಾಕಿದರೆ ಬೆಲ್ಲ ಸೀದು ಕಹಿಯಾಗುತ್ತದೆ.

ಈಗ ಗ್ರಿಲ್. "ನಮ್ಮಲ್ಲಿ ಗ್ರಿಲ್ ಇಲ್ವಲ್ಲ" ಅನ್ನುವವರಿಗೆ: ದೋಸೆಯ ಬೀಡಿನ ಕಾವಲಿ ಇದೆಯಲ್ಲ? ಅದು ದಪ್ಪ, ಕಾವು ಹಿಡಿದರೆ ಬಿಡುವುದಿಲ್ಲ, ತಣ್ಣನೆಯ ಸಿಗಡಿ ಬಿದ್ದರೂ ಜಗ್ಗುವುದಿಲ್ಲ. ನಾನ್‌ಸ್ಟಿಕ್ ಬೇಡ, ಅದನ್ನು ಅಷ್ಟು ಕಾಯಿಸಬಾರದು. ಭಾನುವಾರ ಹಿತ್ತಿಲಲ್ಲಿ ಗೆರಟೆ ಕೆಂಡ ಮಾಡಿ, ಹಸಿ ತೆಂಗಿನಗರಿಯ ಕಡ್ಡಿಗೆ ಚುಚ್ಚಿ ಸುಟ್ಟರೆ ಅದರ ರುಚಿಯೇ ಬೇರೆ. ಆಗ ಒಂದರ ಬದಲು ಎರಡು ಕಡ್ಡಿ ಚುಚ್ಚಿ, ತಿರುಗಿಸುವಾಗ ಸಿಗಡಿ ಗರಗರ ಸುತ್ತುವುದಿಲ್ಲ. ಬುಧವಾರ ರಾತ್ರಿ ಕೆಂಡ ಮಾಡುತ್ತಾ ಕೂರುವವರು ಯಾರೂ ಇಲ್ಲ.

ಮಸಾಲೆ ಕಲಸುವ ಮೊದಲು ಸಿಗಡಿಯನ್ನು ಹಳೆ ಹತ್ತಿಬಟ್ಟೆಯಲ್ಲಿ ಒತ್ತಿ ಒಣಗಿಸಿ. ಒದ್ದೆಯಿದ್ದರೆ ಅದು ಸುಡುವುದಿಲ್ಲ, ತನ್ನ ನೀರಿನಲ್ಲೇ ಬೇಯುತ್ತದೆ. ಈ ಇಡೀ ಅಡುಗೆಯಲ್ಲಿ ಒಂದೇ ಒಂದು ಮಾತು ಕೇಳುವುದಾದರೆ ಇದನ್ನು ಕೇಳಿ. ಕಾವಲಿ ಜೋರು ಉರಿಯಲ್ಲಿ ಕಾಯಲಿ, ನೀರಿನ ಹನಿ ಬಿದ್ದರೆ ಕುಣಿದು ಹಾರಬೇಕು. ಒಂದೊಂದಾಗಿ, ಒಂದಕ್ಕೊಂದು ತಾಗದ ಹಾಗೆ ಇಡಿ. ಜಾಗ ಸಾಲದಿದ್ದರೆ ಎರಡು ಸಲ ಹಾಕಿ. ಇಟ್ಟ ಮೇಲೆ ಕೈಯಾಡಿಸಬೇಡಿ.

ಆಮೇಲೆ ಫೋನ್ ಬದಿಗಿಟ್ಟು ಅಲ್ಲೇ ನಿಂತು ನೋಡಿ. ಕಾವಲಿಗೆ ತಾಗಿದ ಅಂಚಿನಿಂದ ಕೆಂಪು ಮೇಲಕ್ಕೆ ಹತ್ತುತ್ತದೆ. ಆ ಬಣ್ಣ ಮೊದಲೇ ಒಳಗಿರುತ್ತದೆ, ಒಂದು ಪ್ರೋಟೀನು ಅದನ್ನು ಹಿಡಿದು ಮುಚ್ಚಿಟ್ಟಿರುತ್ತದೆ, ಬಿಸಿಗೆ ಅದರ ಹಿಡಿತ ಸಡಿಲವಾಗುತ್ತದೆ. ಸೀಳಿದ ಬೆನ್ನು ಬಾಯಿ ತೆರೆದು ಎರಡು ಕಡೆಗೂ ಮಗುಚಿಕೊಳ್ಳುತ್ತದೆ, ಬಾಲ ಒಳಗೆ ಬಾಗುತ್ತದೆ. ಬದಿಯಲ್ಲಿ ಅರ್ಧದವರೆಗೆ ಕೆಂಪೇರಿದಾಗ, ಅಂದರೆ ಸುಮಾರು ಎರಡು ನಿಮಿಷಕ್ಕೆ, ಇಕ್ಕಳದಲ್ಲಿ ತಿರುವಿ. ಇನ್ನೊಂದು ಬದಿಗೆ ಒಂದೂವರೆ ನಿಮಿಷ. ಬೆನ್ನು ಸೀಳಿದ ಜಾಗದ ಆಳದಲ್ಲಿ ಗಾಜಿನಂಥ ಹಸಿ ಬಣ್ಣ ಹೋಗಿ ಬಿಳಿಯಾದರೆ ಮುಗಿಯಿತು. ಇಂಗ್ಲಿಷಿನ ಸಿ ಅಕ್ಷರದಷ್ಟು ಬಾಗಿದರೆ ಹದ. ಎರಡು ತುದಿ ಕೂಡಿ ಸೊನ್ನೆಯಾದರೆ ಹದ ಮೀರಿದೆ, ನೀರೆಲ್ಲ ಹಿಂಡಿ ಹೋಗಿ ರಬ್ಬರ್ ಆಗಿದೆ. ಸಿಗಡಿ ರಬ್ಬರ್ ಆಗುವುದಕ್ಕೆ ನನಗೆ ಗೊತ್ತಿರುವ ಮುಖ್ಯ ಕಾರಣ 'ಯಾವುದಕ್ಕೂ ಇನ್ನೆರಡು ನಿಮಿಷ ಇರಲಿ' ಎನ್ನುವ ಭಯ. ತೆಗೆದ ಕೂಡಲೇ ಬೇರೆ ತಟ್ಟೆಗೆ ಹಾಕಿ, ಕಾವಲಿಯಲ್ಲೇ ಬಿಟ್ಟರೆ ಬೇಯುತ್ತಲೇ ಇರುತ್ತದೆ.

ಖಾಲಿಯಾದ ಬಿಸಿ ಕಾವಲಿಯ ಮೇಲೆ ಅನಾನಸಿನ ನಾಲ್ಕು ಬಿಲ್ಲೆ ಇಡುವುದು ನನ್ನ ಚಪಲ. ಬನವಾಸಿ ಕಡೆಯ ಹಣ್ಣು ಸಿಕ್ಕಿದಾಗ ಮಾತ್ರ. ಸಿಗಡಿ ಬಿಟ್ಟುಹೋದ ಖಾರದ ಎಣ್ಣೆಯಲ್ಲಿ ಅಂಚು ಕಂದಾಗುವವರೆಗೆ ಸುಟ್ಟು ಹೆಚ್ಚಿ ಹಾಕುತ್ತೇನೆ.

ಬಟ್ಟಲಿಗೆ ಬಿಸಿ ಅನ್ನ, ಅದರ ಮೇಲೆ ಸಿಗಡಿ, ಮೇಲಿಂದ ಮುರುಗಲಿನ ಪಾಕ. ಬದಿಗೆ ಮುಳ್ಳುಸೌತೆ, ತುರಿದ ಕಾಯಿ, ಕೊತ್ತಂಬರಿ, ಕಾಲಕ್ಕೆ ತಕ್ಕ ಹಾಗೆ ಮಾವಿನಕಾಯಿ. ಈರುಳ್ಳಿ ಹಸಿಯಾಗಿಯೇ ಇರಬೇಕು. ಬೇಸಿಗೆಯಲ್ಲಿ ಕುಮಟಾದ ಅಳ್ವೆಕೋಡಿ, ಹಂದಿಗೋಣದ ಹತ್ತಿರ ಹೆದ್ದಾರಿ ಬದಿಗೆ ಜಡೆ ಕಟ್ಟಿ ತೂಗುಹಾಕುವ ಸಿಹಿ ಈರುಳ್ಳಿ ಸಿಕ್ಕರೆ ಕೇಳುವುದೇ ಬೇಡ, ಕಣ್ಣಲ್ಲಿ ನೀರು ಬರುವುದಿಲ್ಲ, ಹಾಗೇ ಕಚ್ಚಿ ತಿನ್ನಬಹುದು.

"ಅನ್ನ ಗಂಟಲಲ್ಲಿ ಇಳೀಬೇಕಲ್ಲೇ" ಎನ್ನುವುದು ಅತ್ತೆಯ ತಕರಾರು. ಅವರದ್ದೂ ನಿಜವೇ. ಅದಕ್ಕೆ ಮುರುಗಲು ನೆನೆಸುವಾಗ ನಾಲ್ಕು ಸಿಪ್ಪೆ ಜಾಸ್ತಿ ಹಾಕಿ, ಆ ನೀರಿಗೆ ತೆಂಗಿನಹಾಲು, ಬೆಳ್ಳುಳ್ಳಿ, ಉಪ್ಪು ಸೇರಿಸಿ ಸೋಲ್ ಕಡಿ ಮಾಡಿ ಅವರ ಪಕ್ಕ ಇಡುತ್ತೇನೆ. ಅವರು ಅದನ್ನು ಬಟ್ಟಲಿಗೇ ಸುರಿದುಕೊಂಡು ಉಣ್ಣುತ್ತಾರೆ. ಮಗಳು ಅನಾನಸ್ ಆರಿಸಿ ಆರಿಸಿ ಮೊದಲು ಮುಗಿಸುತ್ತಾಳೆ.

ಮಳೆಗಾಲದಲ್ಲಿ ಏನು ಮಾಡುತ್ತೀರಿ ಎನ್ನುವುದು ಇದರ ಬಾಲದ ಪ್ರಶ್ನೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ, ಬೈತಖೋಲ ಬಂದರಿನಲ್ಲಿ ಬೋಟುಗಳು ಕಟ್ಟಿ ನಿಂತಿರುತ್ತವೆ. ಮೀನು ಮೊಟ್ಟೆಯಿಟ್ಟು ಮರಿ ಮಾಡುವ ಹೊತ್ತು, ನಿಷೇಧ ಇರಬೇಕಾದ್ದೇ. ಆಗ ಹೊಳೆ, ಹಿನ್ನೀರಿನಲ್ಲಿ ಬಲೆ ಬೀಸುವವರು ತರುವ ಸಿಗಡಿ ಅಷ್ಟಿಷ್ಟು ಸಿಗುತ್ತದೆ, ಬೆಲೆ ಕೇಳಿದರೆ ಹಸಿವೆ ಹೋಗುತ್ತದೆ. ಮೇ ಕೊನೆಯಲ್ಲಿ ನಾನು ಎರಡು ಚೀಲ ಹೆಚ್ಚಿಗೆ ಫ್ರೀಜರ್‌ಗೆ ಸೇರಿಸಿರುತ್ತೇನೆ. ಅದು ಖಾಲಿಯಾದರೆ ಒಣ ಸಿಗಡಿಯನ್ನು ಹುರಿದು ಕಾಯಿ, ಈರುಳ್ಳಿ ಜೊತೆ ಕಿಸ್ಮೂರ ಮಾಡಿ ಅದೇ ಬಿಸಿ ಅನ್ನದ ಮೇಲೆ ಹಾಕುತ್ತೇನೆ. ಅದಕ್ಕೆ ನಾಲ್ಕು ನಿಮಿಷವೂ ಬೇಡ.