ಬಿಟ್, ಬೈಟ್ ಮತ್ತು ವೇಗದ ಲೆಕ್ಕ

ಅಂತರ್ಜಾಲ ಸಂಪರ್ಕದ ವೇಗವನ್ನು ಸೆಕೆಂಡಿಗೆ ಇಷ್ಟು ಮೆಗಾಬಿಟ್ (ಎಂಬಿಪಿಎಸ್) ಎಂದು ಹೇಳುವುದು ರೂಢಿ. ಆದರೆ ಕಡತವನ್ನು ಇಳಿಸಿಕೊಳ್ಳುವಾಗ ಪರದೆಯ ಮೇಲೆ ಕಾಣುವ ಅಂಕಿ ಸಾಮಾನ್ಯವಾಗಿ ಮೆಗಾಬೈಟ್‌ಗಳಲ್ಲಿರುತ್ತದೆ. ಒಂದು ಬೈಟ್ ಎಂದರೆ 8 ಬಿಟ್ ಆದ್ದರಿಂದ, 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಬರುತ್ತದೆ. ಇಂಗ್ಲಿಷಿನ ಚಿಕ್ಕ ಬಿ ಅಕ್ಷರ ಬಿಟ್ಟನ್ನೂ ದೊಡ್ಡ ಬಿ ಅಕ್ಷರ ಬೈಟನ್ನೂ ಸೂಚಿಸುತ್ತದೆ ಎಂಬುದನ್ನು ಗಮನಿಸಿದರೆ ಇಷ್ಟು ಭಾಗ ಸುಲಭ.

ನಿಜವಾದ ತೊಡಕಿರುವುದು ಸಾವಿರದ ಲೆಕ್ಕದಲ್ಲಿ. ಜಾಲದ ವೇಗದಲ್ಲಿ ಮೆಗಾ ಎಂದರೆ ಸರಿಯಾಗಿ ಹತ್ತು ಲಕ್ಷ. ವಿಂಡೋಸ್ ಮಾತ್ರ ಕಡತದ ಗಾತ್ರವನ್ನು 1024ರ ಗುಣಕದಲ್ಲಿ ಲೆಕ್ಕ ಹಾಕಿ, ಅದನ್ನೂ ಮೆಗಾಬೈಟ್, ಗಿಗಾಬೈಟ್ ಎಂದೇ ತೋರಿಸುತ್ತದೆ. ಈ ಗೊಂದಲವನ್ನು ನಿವಾರಿಸಲೆಂದೇ ಅಂತರರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಆಯೋಗವು 1998ರಲ್ಲಿ 1024ರ ಲೆಕ್ಕಕ್ಕೆ ಕಿಬಿ, ಮೆಬಿ, ಗಿಬಿ ಎಂಬ ಬೇರೆ ಪೂರ್ವಪದಗಳನ್ನು ನಿಗದಿಪಡಿಸಿತು. ಅವು ಇನ್ನೂ ಬಳಕೆಯಲ್ಲಿ ವ್ಯಾಪಕವಾಗದಿರುವುದು ನನಗೆ ಬೇಸರದ ಸಂಗತಿ.

ಒಂದು ಉದಾಹರಣೆ ನೋಡೋಣ. 4 ಗಿಗಾಬೈಟ್ ಕಡತವೆಂದರೆ 3,200 ಕೋಟಿ ಬಿಟ್‌ಗಳು. 100 ಎಂಬಿಪಿಎಸ್ ವೇಗದಲ್ಲಿ ಅದಕ್ಕೆ 320 ಸೆಕೆಂಡು ಬೇಕು. ಅದೇ 4 ಗಿಬಿಬೈಟ್ ಆದರೆ 429,49,67,296 ಬೈಟ್‌ಗಳಾಗಿ, ಸುಮಾರು 344 ಸೆಕೆಂಡು ಹಿಡಿಯುತ್ತದೆ. ವ್ಯತ್ಯಾಸ ಶೇಕಡಾ 7ಕ್ಕಿಂತ ಹೆಚ್ಚು.

ಇದರ ಮೇಲೆ, ದತ್ತಾಂಶವು ಪ್ಯಾಕೆಟ್ ಎಂಬ ಸಣ್ಣ ತುಣುಕುಗಳಾಗಿ ಸಾಗುವುದರಿಂದ, ಪ್ರತಿ ಪ್ಯಾಕೆಟ್ಟಿನೊಂದಿಗೆ ವಿಳಾಸ ಮತ್ತು ನಿಯಂತ್ರಣದ ಮಾಹಿತಿಯೂ ಸಾಗಬೇಕಾಗುತ್ತದೆ. ಸಾಮಾನ್ಯ ಈಥರ್ನೆಟ್‌ನಲ್ಲಿ (ತಂತಿಯ ಮೂಲಕ ಕಂಪ್ಯೂಟರುಗಳನ್ನು ಜೋಡಿಸುವ ಜಾಲದಲ್ಲಿ) 1,460 ಬೈಟ್ ದತ್ತಾಂಶ ಕಳುಹಿಸಲು ತಂತಿಯ ಮೇಲೆ 1,538 ಬೈಟ್‌ಗಳಷ್ಟು ಜಾಗ ಬೇಕಾಗುವುದರಿಂದ, 12.5ರ ಬದಲು 11.9ರ ಆಸುಪಾಸಿನ ಅಂಕಿ ಕಂಡರೆ ಸಂಪರ್ಕದಲ್ಲಿ ದೋಷವಿದೆಯೆಂದು ಭಾವಿಸಬೇಕಾಗಿಲ್ಲ.