ಮುಚ್ಚಿದ ಹೋಟೆಲಿನ ತಿಂಡಿ ಮನೆಯಲ್ಲಿ ಬರುತ್ತಾ?

ನಾನು ಅಡುಗೆಯ ಹುಚ್ಚಿನವಳೆಂದು ಗೊತ್ತಿರುವವರೆಲ್ಲ ಕೇಳುವ ಪ್ರಶ್ನೆ ಇದು: 'ಆ ಹೋಟೆಲ್ ಮುಚ್ಚಿತು. ಅಲ್ಲಿನ ತಿಂಡಿ ಮನೆಯಲ್ಲಿ ಮಾಡಿದರೆ ಅದೇ ರುಚಿ ಬರುತ್ತಾ?' ಮಲ್ಲೇಶ್ವರದ ಸಂಪಿಗೆ ರಸ್ತೆಯಲ್ಲಿ 1954ರಿಂದ ನಡೆದಿದ್ದ ನ್ಯೂ ಕೃಷ್ಣ ಭವನ 2023ರ ಡಿಸೆಂಬರಿನಲ್ಲಿ ಬಾಗಿಲು ಹಾಕಿತು. ಆಮೇಲೆ ಈ ಪ್ರಶ್ನೆ ಇನ್ನೂ ಜಾಸ್ತಿಯಾಗಿದೆ.

ಕೆಲವು ಬರುತ್ತವೆ, ಕೆಲವು ಬರುವುದಿಲ್ಲ. ಯಾವುದು ಬರುತ್ತದೆ ಅನ್ನುವುದು ಸಾಮಾನಿನ ಪಟ್ಟಿ ನೋಡಿದರೆ ತಿಳಿಯುವುದಿಲ್ಲ. ಹೋಟೆಲಿನವರು ಅದನ್ನು ಹೇಗೆ ಮಾಡುತ್ತಿದ್ದರು ಅಂತ ಯೋಚಿಸಬೇಕು.

ಮಸಾಲೆ ದೋಸೆಯಲ್ಲಿ ನಾನು ಪೂರ್ತಿ ಆಸೆ ಇಟ್ಟುಕೊಳ್ಳುವುದಿಲ್ಲ. ಅಕ್ಕಿ, ಉದ್ದು, ಮೆಂತ್ಯ, ಅವಲಕ್ಕಿ ಎಲ್ಲ ಸರಿಯಾಗಿ ಹಾಕಬಹುದು. ಬೆಳಗಿನಿಂದ ಕಾಯುತ್ತಲೇ ಇರುವ ದಪ್ಪ ಕಬ್ಬಿಣದ ಕಾವಲಿಯನ್ನು ಎಲ್ಲಿಂದ ತರುವುದು? ನೀರು ಚಿಮುಕಿಸಿ, ಪೊರಕೆಯಲ್ಲಿ ಗುಡಿಸಿ, ಹಿಟ್ಟು ಹುಯ್ದರೂ ಅದರ ಕಾವು ಇಳಿಯುವುದಿಲ್ಲ. ಆ ಕೆಂಪು ಬರುವುದು ಅದರಿಂದಲೇ. ನಮ್ಮ ತೆಳು ತವಾ ಎರಡನೇ ದೋಸೆಗೇ ತಣ್ಣಗಾಗುತ್ತದೆ.

ನ್ಯೂ ಕೃಷ್ಣ ಭವನದ ಗ್ರೀನ್ ಮಸಾಲ ಇಡ್ಲಿ ಹಾಗಲ್ಲ. ಪುಟ್ಟ ಬಟನ್ ಇಡ್ಲಿ, ಮೇಲೆ ಖಾರದ ಹಸಿರು ಮಸಾಲೆ. ಇದಕ್ಕೆ ದೊಡ್ಡ ಒಲೆ ಬೇಡ. ನನ್ನ ಕೈಯಲ್ಲಿ ತುಂಬಾ ಹತ್ತಿರ ಬಂದಿರುವುದು ಇದೇ. ಹೋಟೆಲಿನ ಗುಟ್ಟು ಅಂತ ಹೇಳುತ್ತಿಲ್ಲ, ನಾನು ಮಾಡುವ ಬಗೆ ಇದು.

ಇಡ್ಲಿ ಮೊದಲೇ ಬೇಯಿಸಿ ಪೂರ್ತಿ ಆರಲು ಬಿಡಿ. ಬಿಸಿ ಇಡ್ಲಿ ಬಾಣಲೆಗೆ ಬಿದ್ದರೆ ಪುಡಿಪುಡಿ. ಆರಿದ ಇಡ್ಲಿ ಗಟ್ಟಿಯಾಗಿ ಆಕಾರ ಉಳಿಸಿಕೊಳ್ಳುತ್ತದೆ. ಕೊತ್ತಂಬರಿ ಸೊಪ್ಪು ಎರಡು ಹಿಡಿ, ಪುದೀನ ಅರ್ಧ ಹಿಡಿ, ಹಸಿಮೆಣಸು, ಶುಂಠಿ, ಸ್ವಲ್ಪ ಕಾಯಿತುರಿ ತಣ್ಣೀರಲ್ಲಿ ನುಣ್ಣಗೆ ರುಬ್ಬಿ. ಪುದೀನ ಜಾಸ್ತಿಯಾದರೆ ಕಹಿ. ಸಾಸಿವೆ, ಕರಿಬೇವಿನ ಒಗ್ಗರಣೆಗೆ ಮಸಾಲೆ ಹಾಕಿ, ಹಸಿ ವಾಸನೆ ಹೋದ ತಕ್ಷಣ ಇಡ್ಲಿ ಹಾಕಿ ಮೆಲ್ಲಗೆ ಹೊರಳಿಸಿ. ಒಲೆ ಆರಿಸಿದ ಮೇಲೇ ನಿಂಬೆರಸ. ಕುದಿಯುವಾಗ ಹುಳಿ ಬಿದ್ದರೆ ಹಸಿರು ಬಣ್ಣ ಕಂದಾಗಿಬಿಡುತ್ತದೆ, ಆಗ ತಟ್ಟೆ ನೋಡಿದರೇ ಮನಸ್ಸು ಮುದುಡುತ್ತದೆ.

ಅರ್ಧ ರುಚಿ ಪಕ್ಕದ ಬಟ್ಟಲಲ್ಲಿರುತ್ತದೆ ಅನ್ನುವುದನ್ನೂ ಮರೆಯಬೇಡಿ. ಉಡುಪಿ ಕಡೆಯ ಸಾಂಬಾರಿಗೆ ಬ್ಯಾಡಗಿ ಮೆಣಸು, ಕೊತ್ತಂಬರಿ ಬೀಜ, ಮೆಂತ್ಯವನ್ನು ತೆಂಗಿನೆಣ್ಣೆಯಲ್ಲಿ ಹುರಿದು ಕಾಯಿಯ ಜೊತೆ ರುಬ್ಬುತ್ತಾರೆ, ಬೆಲ್ಲವೂ ಬೀಳುತ್ತದೆ. ಹೋಟೆಲಿನಲ್ಲಿ ಅದು ಗಂಟೆಗಟ್ಟಲೆ ಬಿಸಿಯಲ್ಲೇ ಇರುವುದರಿಂದ ಮಸಾಲೆ ಚೆನ್ನಾಗಿ ಹೊಂದಿಕೊಳ್ಳುತ್ತದೆ. ಮನೆಯಲ್ಲೂ ಒಂದು ಗಂಟೆ ಮೊದಲೇ ಮಾಡಿಟ್ಟು ನೋಡಿ.

'ಇದೆಲ್ಲ ಸುಮ್ನೆ ಹಳೆಯ ನೆನಪಿನ ಹಂಬಲ' ಅನ್ನುವವರಿಗೆ ಬೆಂಗಳೂರಿನ ಎಂಟಿಆರ್ ಹೋಟೆಲಿನ ಕಥೆ ಹೇಳುತ್ತೇನೆ. ಎರಡನೇ ಮಹಾಯುದ್ಧದಲ್ಲಿ ಬರ್ಮಾದ ಅಕ್ಕಿ ನಿಂತು, ಅಕ್ಕಿಗೆ ಕೊರತೆ ಬಂತು. ಆಗ ಅವರು ರವೆಯಲ್ಲಿ ಇಡ್ಲಿ ಮಾಡಿದರು. ಮುಂದೆ 1975ರ ತುರ್ತು ಪರಿಸ್ಥಿತಿಯಲ್ಲಿ ಸರ್ಕಾರ ತಿಂಡಿಗಳ ಬೆಲೆ ಇಳಿಸಿದಾಗ ಹೋಟೆಲ್ ನಡೆಸುವುದೇ ಕಷ್ಟವಾಗಿ ಮುಚ್ಚಬೇಕಾಯಿತು. ಬಾಗಿಲು ಮುಚ್ಚಿದ್ದ ಆ ವರ್ಷಗಳಲ್ಲಿ ಅವರಿಗೆ ಆಧಾರವಾದದ್ದು ಪೊಟ್ಟಣದ ಪುಡಿಗಳು, ಮಿಕ್ಸ್‌ಗಳು. ಜನ ಹೋಟೆಲಿನ ರುಚಿಯನ್ನು ಮನೆಗೆ ತಂದುಕೊಂಡರು. ಆ ಹೋಟೆಲ್ ಮತ್ತೆ ತೆರೆಯಿತು, ಎಲ್ಲ ಹೋಟೆಲಿಗೂ ಆ ಭಾಗ್ಯ ಇಲ್ಲ.

'ಹೋಟೆಲಿನವರನ್ನೇ ಕೇಳಬಹುದಲ್ವಾ?' ಖಂಡಿತ ಕೇಳಿ. ಹೋಟೆಲ್ ಮುಚ್ಚಿದರೂ ಅಡುಗೆ ಭಟ್ಟರು ಇನ್ನೆಲ್ಲೋ ಕೆಲಸದಲ್ಲಿರುತ್ತಾರೆ. ಅಳತೆ ಕೇಳಬೇಡಿ, ಅವರ ಲೆಕ್ಕ ಸೇರು, ಬಕೆಟ್ಟಿನದು. 'ಭಟ್ರೇ, ಯಾವುದಾದ ಮೇಲೆ ಯಾವುದು ಹಾಕ್ತಿದ್ರಿ? ಹಿಟ್ಟು ಎಷ್ಟು ಹೊತ್ತಿಗೆ ರುಬ್ತಿದ್ರಿ?' ಅಂತ ಕೇಳಿ. ಇವೆರಡು ಸಿಕ್ಕರೆ ಉಪ್ಪು ಖಾರ ನಿಮ್ಮ ನಾಲಿಗೆಯೇ ನೋಡಿಕೊಳ್ಳುತ್ತದೆ.